264ನೇ ಸಾಲು: ಮಾವ ಕೊಟ್ಟ ಸಂಖ್ಯಾಬಂಧ ಬಿಡಿಸಿದ 16 ದಿನ

ನಿನ್ನೆ ರಾತ್ರಿ ಹತ್ತೂವರೆಗೆ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಆಗಾಗ ಗೀಚಿಟ್ಟುಕೊಂಡಿದ್ದನ್ನೇ ದಿನದ ಪ್ರಕಾರ ಇಲ್ಲಿ ಬರೆಯುತ್ತಿದ್ದೇನೆ. ಎಡವಿದ ಜಾಗಗಳ ಬಗ್ಗೆ ಜಾಸ್ತಿ ಬರೆದಿದ್ದೇನೆ, ಸಲೀಸಾಗಿ ಹೋದ ಜಾಗಗಳ ಬಗ್ಗೆ ಕಡಿಮೆ. ನೀವೇ ಕೂತು ಬಿಡಿಸುವ ಆಸೆ ಇದ್ದರೆ ಸುಳಿವುಗಳ ತನಕ ಓದಿ ನಿಲ್ಲಿಸಿ, ಬಿಡಿಸಿದ ಮೇಲೆ ಉಳಿದದ್ದನ್ನು ಓದಿ.

ನಾನಿರುವುದು ಗಂಗಾವತಿಯಲ್ಲಿ. ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಸುಗ್ಗಿ ಟೈಮಿನಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ, ಆದರೆ ಈ ಜುಲೈನಲ್ಲಿ ಕಾಟಾದ ಹತ್ತಿರ ಲಾರಿಗಳ ಸಾಲು ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆ, ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಸಿಗುತ್ತಿತ್ತು. ಅಷ್ಟರಲ್ಲೇ ಮಾಡಿದ್ದು.

ಜುಲೈ 5, ಶನಿವಾರ: ಕಾರ್ಡು ಕೈಗೆ ಬಂತು

ಸಿಂಧನೂರಿನ ನಮ್ಮ ಮಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ಈಗ ನಿವೃತ್ತಿ. ಸಂಬಂಧಿಕರ ಗೃಹಪ್ರವೇಶಕ್ಕೆ ಬಂದಿದ್ದರು. ಊಟ ಆದ ಮೇಲೆ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಪೆನ್ನಿನಿಂದ ಗೆರೆ ಹೊಡೆದು, 'ತಗೋ ಅಳಿಯಾ, ಇದನ್ನ ಬಿಡಿಸು. ಫೋನು, ಕ್ಯಾಲ್ಕುಲೇಟರ್ ಮುಟ್ಟಬಾರದು' ಎಂದು ಕೊಟ್ಟರು. ಪದಬಂಧದ ಹಾಗೇ ಇದೆ, ಅಕ್ಷರದ ಬದಲು ಅಂಕಿ ಅಷ್ಟೇ. ಐದು ಸಾಲು, ಐದು ಕಾಲಂ, ನಾಲ್ಕು ಕಪ್ಪು ಮನೆ, ತುಂಬಬೇಕಾದ ಮನೆ 21.

1 □ 2 □ 3
□ ■ □ ■ □
4 □ □ □ □
□ ■ □ ■ □
5 □ □ □ □

ಮೇಲಿನ 1, 2, 3, 4, 5 ಬರೀ ಮನೆಯ ಗುರುತು, ಉತ್ತರ ಅಲ್ಲ. ಸುಳಿವುಗಳು ಇಷ್ಟೇ:

ಅಡ್ಡ 1: ವರ್ಗ ಸಂಖ್ಯೆ
ಅಡ್ಡ 4: ವರ್ಗ ಸಂಖ್ಯೆ
ಅಡ್ಡ 5: ವರ್ಗ ಸಂಖ್ಯೆ
ಕೆಳಗೆ 1: ವರ್ಗ ಸಂಖ್ಯೆ
ಕೆಳಗೆ 2: ವರ್ಗ ಸಂಖ್ಯೆ
ಕೆಳಗೆ 3: 3ರಿಂದ ಭಾಗವಾಗುತ್ತದೆ

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ವಾಕ್ಯ: 'ಅಂಕಿಗಳು ಸಮ್ಮಿತಿಯಲ್ಲಿವೆ. ಯಾವ ಸಂಖ್ಯೆಯೂ ಎರಡು ಸಲ ಬರುವುದಿಲ್ಲ. ಯಾವುದೂ ಸೊನ್ನೆಯಿಂದ ಶುರುವಾಗುವುದಿಲ್ಲ.' ಚೌಕದ ಬಲ ಮೂಲೆಯಲ್ಲಿ ಅರ್ಧ ಸುತ್ತು ಬಳಸಿ ಬಂದಿರುವ ಒಂದು ಪುಟ್ಟ ಬಾಣ. ಮಾವ ಪೆನ್ನು ಬರೆಯುತ್ತದೋ ಇಲ್ಲವೋ ನೋಡಲು ಗೀಚಿದ್ದಾರೆ ಅಂದುಕೊಂಡೆ. ಈ ಬಾಣವೂ ಒಂದು ಸುಳಿವು. ಬಿಡಿಸುವವರು ಮರೆಯಬೇಡಿ.

ಜುಲೈ 6, ಭಾನುವಾರ: ಸಾಮಾನು, ಪಟ್ಟಿ

ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಚೌಕಳಿ ನೋಟ್‌ಬುಕ್ 40 ರೂಪಾಯಿ, ಎರಡು ಪೆನ್ಸಿಲ್ 10, ರಬ್ಬರ್ 5. ಖಾಲಿ ಚೌಕದ ಆರು ಜೆರಾಕ್ಸ್ ಪ್ರತಿ 12. ಒಟ್ಟು 67 ರೂಪಾಯಿ.

ಐದಂಕಿಯ ವರ್ಗ ಸಂಖ್ಯೆಗಳು 100ರ ವರ್ಗದಿಂದ (10000) 316ರ ವರ್ಗದವರೆಗೆ (99856). ಒಟ್ಟು 217. ಇವೆಲ್ಲವನ್ನೂ ಕೈಯಲ್ಲೇ ಲೆಕ್ಕ ಹಾಕಿ ಪಟ್ಟಿ ಮಾಡಿದೆ. 10ರ ಗುಣಕ ಹತ್ತಿರ ಹಿಡಿದು ಬಿಡಿಸುವ ಶಾಲೆಯ ವಿಧಾನವೇ: 132 ಅಂದರೆ 130ರ ವರ್ಗ 16900, ಜೊತೆಗೆ 2×130×2 = 520, ಜೊತೆಗೆ 4, ಒಟ್ಟು 17424. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದೂವರೆ ಗಂಟೆ. ಸಂಜೆ ಮಧ್ಯದಲ್ಲಿ ಒಗ್ಗರಣೆ ಮಿರ್ಚಿ ಬಂತು, ಎದ್ದು ಹೋಗಿ ತಿಂದು ಬಂದು ಮತ್ತೆ ಕೂತೆ. ಎದ್ದಿದ್ದು ಯಾವ ಸಾಲಿನಲ್ಲಿ ಅಂತ ಗುರುತು ಹಾಕಿಕೊಳ್ಳಲಿಲ್ಲ. ಅದು ಮೊದಲ ತಪ್ಪು.

ಪಟ್ಟಿ ಆದ ಮೇಲೆ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಇರುವ ಸಂಖ್ಯೆಗಳಿಗೆ ಸುತ್ತು ಹಾಕಿದೆ. ನಾನು ಇವನ್ನು ವಿಕಟಕವಿ ಸಂಖ್ಯೆ ಅನ್ನುತ್ತೇನೆ, ವಿ-ಕ-ಟ-ಕ-ವಿ ಅಂತ ಐದಕ್ಕೆ ಐದು ಸರಿಯಾಗಿ ಕೂರುತ್ತದೆ. ಸಿಕ್ಕಿದ್ದು ಆರು: 10201, 12321, 14641, 40804, 44944, 94249.

ಇಂಥ ಸಂಖ್ಯೆಗಳ ಮೇಲಿನ ಪ್ರೀತಿ ನಮ್ಮ ನಾಡಿಗೆ ಹೊಸದೇನಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಇವನ್ನು ಕೊರಳ ಹಾರಕ್ಕೆ ಹೋಲಿಸಿದ್ದಾರೆ. 139ನ್ನು 109ರಿಂದ ಗುಣಿಸಿ ನೋಡಿ, 15151 ಬರುತ್ತದೆ. ಅವರ ಲೆಕ್ಕವೇ ಅದು. 1ರಿಂದ 6ರ ತನಕ ಏರಿ ಮತ್ತೆ 1ಕ್ಕೆ ಇಳಿಯುವ 12345654321 ಕೂಡ ಅವರಲ್ಲಿ ಬರುತ್ತದೆ, ಅದು 111111ರ ವರ್ಗ. ನನ್ನ ಪಟ್ಟಿಯ 12321 ಅದೇ ಹಾರದ ಚಿಕ್ಕ ತುಂಡು, 111ರ ವರ್ಗ. ಅವರ ಕಾಲದಲ್ಲಿ ನಮ್ಮ ಕೊಪ್ಪಳಕ್ಕೆ ಕೊಪಣ ಅನ್ನುತ್ತಿದ್ದರು. ಸಾವಿರದ ಇನ್ನೂರು ವರ್ಷದ ಹಿಂದೆ ಈ ಸೀಮೆಯಲ್ಲಿ ಯಾರಾದರೂ ಹೀಗೇ ಕೂತು ಗುಣಿಸಿರಬಹುದು ಅಂತ ನೆನೆದರೆ ಕೈಲಿರುವ ಪೆನ್ಸಿಲ್ ಮೇಲೆ ಗೌರವ ಬರುತ್ತದೆ.

ಜುಲೈ 8ರಿಂದ 10: ಕನ್ನಡಿ ಅಂದುಕೊಂಡೆ

ಸಮ್ಮಿತಿ ಅಂದ ಕೂಡಲೇ ನನ್ನ ತಲೆಗೆ ಬಂದಿದ್ದು ಕನ್ನಡಿ. ಎಡ ಅರ್ಧ ಹೇಗೋ ಬಲ ಅರ್ಧ ಹಾಗೇ. ಹಾಗಾದರೆ ಅಡ್ಡ ಸಾಲು ಮೂರೂ ವಿಕಟಕವಿ ಸಂಖ್ಯೆ ಆಗಬೇಕು. ಪಟ್ಟಿಯಲ್ಲಿ ಆರು ಇವೆ, ಮೂರನ್ನು ಆರಿಸಿ ಜೋಡಿಸಿದರೆ ಆಯಿತು.

ಮೊದಲ ರಾತ್ರಿ ಸಾಲುಗಳನ್ನು ಬದಲಿಸಿ ಬದಲಿಸಿ ನೋಡಿದೆ. ಕೆಳಗೆ 1ರಲ್ಲಿ ಮೂರು ಅಂಕಿ ಮೊದಲೇ ನಿಂತುಬಿಡುತ್ತವೆ (ಮೂರು ಸಾಲಿನ ಮೊದಲ ಅಂಕಿಗಳು), ಉಳಿದ ಎರಡಕ್ಕೆ ಪಟ್ಟಿಯಲ್ಲಿ ಹುಡುಕಬೇಕು. ಎರಡನೇ ರಾತ್ರಿ ನಾಲ್ಕು ಜೆರಾಕ್ಸ್ ಹಾಳಾದವು. ಮೂರನೇ ರಾತ್ರಿ ಪೂರ್ತಿ ಕೂತಿತು:

1 2 3 2 1
7 ■ 8 ■ 7
4 0 8 0 4
2 ■ 0 ■ 2
4 4 9 4 4

ನೀವೂ ಪರೀಕ್ಷೆ ಮಾಡಿ. 12321 ಅಂದರೆ 111ರ ವರ್ಗ, 40804 ಅಂದರೆ 202ರ ವರ್ಗ, 44944 ಅಂದರೆ 212ರ ವರ್ಗ. ಕೆಳಗೆ ಬಂದರೆ 17424 ಅಂದರೆ 132ರ ವರ್ಗ, 38809 ಅಂದರೆ 197ರ ವರ್ಗ. ಕೊನೆಯ ಕಾಲಂ 17424, ಅಂಕಿ ಕೂಡಿಸಿದರೆ 18, ಅಂದರೆ 3ರಿಂದ ಭಾಗವಾಗುತ್ತದೆ. ಆರೂ ಸುಳಿವು ಸರಿ. ರಾತ್ರಿ ಹನ್ನೊಂದಾಗಿತ್ತು, ಆದರೂ ತಡೆಯಲಾಗದೆ ಫೋಟೋ ತೆಗೆದು ಮಾವನಿಗೆ ಕಳಿಸಿದೆ.

ಬೆಳಿಗ್ಗೆ ಎದ್ದಾಗ ಉತ್ತರ ಬಂದಿತ್ತು. 'ಚಂದ ತುಂಬೀದಿ ಅಳಿಯಾ. ಆದ್ರ ಕೆಳಗಿನ 1, ಕೆಳಗಿನ 3 ಎರಡೂ ಒಂದ ಅದಾವಲ್ಲೋ.'

ಹೌದು. ಎರಡೂ 17424. ಯಾವ ಸಂಖ್ಯೆಯೂ ಎರಡು ಸಲ ಬರಬಾರದು ಎಂದು ಕಾರ್ಡಿನಲ್ಲೇ ಬರೆದಿದೆ. ಕನ್ನಡಿ ಅಂದುಕೊಂಡರೆ ಮೊದಲ ಕಾಲಂ ಮತ್ತು ಕೊನೆಯ ಕಾಲಂ ಯಾವಾಗಲೂ ಒಂದೇ ಆಗುತ್ತವೆ, ಆ ದಾರಿಯಲ್ಲಿ ಎಷ್ಟು ದಿನ ಹೋದರೂ ಉತ್ತರ ಇಲ್ಲ. ಶುರು ಮಾಡುವ ಮುಂಚೆ ಐದು ನಿಮಿಷ ಯೋಚಿಸಿದ್ದರೆ ಮೂರು ರಾತ್ರಿ ಉಳಿಯುತ್ತಿತ್ತು. ಇಲ್ಲಿ ನನ್ನ ತಪ್ಪು ಲೆಕ್ಕದ್ದಲ್ಲ, ಓದಿದ್ದರದ್ದು. ಆರು ಸುಳಿವನ್ನು ಹತ್ತು ಸಲ ಓದಿದ್ದೆ, ಕೆಳಗಿನ ಮೂರು ವಾಕ್ಯವನ್ನು ಒಂದೇ ಸಲ.

ಜುಲೈ 11ರಿಂದ 13: ತಲೆಕೆಳಗು ಮಾಡಿದೆ

ಕಾರ್ಡನ್ನು ಮತ್ತೆ ಎತ್ತಿಕೊಂಡಾಗ ಬಾಣ ಕಣ್ಣಿಗೆ ಬಿತ್ತು. ಅದು ಗೀಚಿದ್ದಲ್ಲ, ತಿರುಗಿಸು ಅಂತ ಹೇಳುವ ಗುರುತು. ಅರ್ಧ ಸುತ್ತು. ಇಸ್ಪೀಟಿನ ರಾಜನನ್ನು ಮೇಲೆ ಕೆಳಗೆ ಮಾಡಿ ಹಿಡಿದರೂ ಹಾಗೇ ಕಾಣುತ್ತಾನಲ್ವಾ, ಅದೇ ಸಮ್ಮಿತಿ.

ಇಲ್ಲಿ ಮತ್ತೊಂದು ಕಡೆ ಜಾರಿದೆ. ಇಸ್ಪೀಟು ಮನಸ್ಸಿನಲ್ಲಿ ಕೂತಿದ್ದರಿಂದ ಅಂಕಿಗಳೂ ತಲೆಕೆಳಗಾಗುತ್ತವೆ ಅಂದುಕೊಂಡೆ. 6 ತಿರುಗಿದರೆ 9, 9 ತಿರುಗಿದರೆ 6. 0, 1, 8 ಹಾಗೇ ಇರುತ್ತವೆ. ಬೇರೆ ಅಂಕಿ ಬರುವಂತಿಲ್ಲ. ಐದೇ ಅಂಕಿ ಉಳಿದವು, ಕೆಲಸ ಹಗುರಾಯಿತು ಅಂತ ಖುಷಿ.

ಪಟ್ಟಿಯಲ್ಲಿ ಬರೀ ಈ ಐದು ಅಂಕಿ ಇರುವ ವರ್ಗಗಳನ್ನು ಹೆಕ್ಕಿದೆ. ನಡುವಿನ ಸಾಲು ತಲೆಕೆಳಗೆ ಮಾಡಿದರೂ ಅದೇ ಓದಬೇಕು. 1ರಿಂದ ಶುರುವಾಗಿ 1ಕ್ಕೆ ಮುಗಿಯುವುದರಲ್ಲಿ ಯಾವುದೂ ಹೊಂದಲಿಲ್ಲ. 8ಕ್ಕೆ ಮುಗಿಯುವ ವರ್ಗ ಸಂಖ್ಯೆ ಇರುವುದೇ ಇಲ್ಲ. 9ರಿಂದ ಶುರುವಾಗಿ 6ಕ್ಕೆ ಮುಗಿಯುವುದರಲ್ಲೂ ಇಲ್ಲ. 6ರಿಂದ ಶುರುವಾಗಿ 9ಕ್ಕೆ ಮುಗಿಯುವುದರಲ್ಲಿ ಒಂದೇ ಒಂದು ಸಿಕ್ಕಿತು: 263ರ ವರ್ಗ, 69169.

ಕಾಗದದ ಮೇಲೆ 69169 ಬರೆದು ತಿರುಗಿಸಿ ನೋಡಿ. 69169 ಅಂತಲೇ ಓದುತ್ತೀರಿ. ಅದು ವರ್ಗ ಸಂಖ್ಯೆ ಬೇರೆ. ನೋಟ್‌ಬುಕ್ಕನ್ನು ನಾಲ್ಕೈದು ಸಲ ತಿರುಗಿಸಿ ತಿರುಗಿಸಿ ನೋಡಿದೆ, ಅಷ್ಟು ಚೆಂದ ಇದೆ. ಇದೇ ಉತ್ತರದ ಬೀಗದ ಕೈ ಅಂತ ಎರಡು ದಿನ ಅದನ್ನೇ ಹಿಡಿದುಕೊಂಡಿದ್ದೆ. ಅಡ್ಡ 4ರಲ್ಲಿ ಕೂರಿಸಿದೆ. ಆಮೇಲೆ ಕೆಳಗೆ 2ಕ್ಕೂ ಅದೇ ಗುಣ ಬೇಕು, ಅಲ್ಲಿಗೂ ಇದೊಂದೇ ಸಂಖ್ಯೆ. ಎರಡು ಸಲ ಬರುವಂತಿಲ್ಲ. ಮತ್ತೆ ಅದೇ ವಾಕ್ಯಕ್ಕೆ ಬಂದು ತಾಗಿದೆ.

ಜುಲೈ 14, ಸೋಮವಾರ: ಫೋನು

ಮಾವನಿಗೆ ಫೋನ್ ಮಾಡಿದೆ. ಉತ್ತರ ಕೇಳಲಿಲ್ಲ, ಒಂದೇ ಪ್ರಶ್ನೆ ಕೇಳಿದೆ. 'ಮಾವ, ತಿರುಗಿಸಿದಾಗ 6 ಅನ್ನೋದು 9 ಆಗತದೇನ್ರಿ?'

'ತಿರುಗೋದು ಮನಿ ಅಳಿಯಾ, ಅಂಕಿ ಅಲ್ಲ. 6 ಎಲ್ಲಿ ಹೋದ್ರೂ 6.'

ಅಂದರೆ ಮೇಲಿನ ಎಡ ಮೂಲೆಯಲ್ಲಿ ಏನಿದೆಯೋ ಕೆಳಗಿನ ಬಲ ಮೂಲೆಯಲ್ಲೂ ಅದೇ. ಒಂದು ಮನೆಗೂ ಅದರ ಎದುರು ಮನೆಗೂ ಒಂದೇ ಅಂಕಿ. ಹಾಗಾದರೆ ಅಡ್ಡ 5 ಅನ್ನುವುದು ಅಡ್ಡ 1ನ್ನು ಹಿಂದಿನಿಂದ ಓದಿದ್ದು. ಕೆಳಗೆ 3 ಅನ್ನುವುದು ಕೆಳಗೆ 1ನ್ನು ಹಿಂದಿನಿಂದ ಓದಿದ್ದು. ನಡುವಿನ ಅಡ್ಡ 4 ಮತ್ತು ಕೆಳಗೆ 2 ಎರಡೂ ವಿಕಟಕವಿ.

ಜುಲೈ 15ರಿಂದ 17: ದಾರಿ ಸರಿ, ಆದರೂ ಗೋಡೆ

ಅಡ್ಡ 4 ಮತ್ತು ಕೆಳಗೆ 2 ಚೌಕದ ನಟ್ಟನಡುವಿನ ಮನೆಯಲ್ಲಿ ಸಂಧಿಸುತ್ತವೆ. ಆದ್ದರಿಂದ ಎರಡರ ನಡು ಅಂಕಿ ಒಂದೇ ಇರಬೇಕು, ಸಂಖ್ಯೆ ಮಾತ್ರ ಬೇರೆ ಬೇರೆ. ನನ್ನ ಆರರ ನಡು ಅಂಕಿ ಬರೆದುಕೊಂಡೆ: 10201ಕ್ಕೆ 2, 12321ಕ್ಕೆ 3, 14641ಕ್ಕೆ 6, 40804ಕ್ಕೆ 8, 44944ಕ್ಕೆ 9, 94249ಕ್ಕೆ 2. ಜೋಡಿ ಒಂದೇ: 10201 ಮತ್ತು 94249.

ಅಡ್ಡ 1ರ ನಡು ಅಂಕಿಯೇ ಕೆಳಗೆ 2ರ ಮೊದಲ ಅಂಕಿ. ಹಾಗಾಗಿ ಅಡ್ಡ 1ರ ನಡುವೆ 1 ಅಥವಾ 9 ಇರಬೇಕು. ಜೊತೆಗೆ ಅಡ್ಡ 1 ವರ್ಗ, ಅದನ್ನು ತಿರುವಿದರೂ ವರ್ಗ.

217 ಸಂಖ್ಯೆಯನ್ನೂ ತಿರುವಿ ನೋಡುವ ಬದಲು ಒಂದು ಜರಡಿ ಮಾಡಿಕೊಂಡೆ. ವರ್ಗ ಸಂಖ್ಯೆಯ ಕೊನೆಯ ಎರಡು ಅಂಕಿ ಹೇಗೆಂದರೆ ಹಾಗೆ ಇರಲ್ಲ. 100 ಬಗೆಯಲ್ಲಿ 22 ಮಾತ್ರ ಸಾಧ್ಯ: 00, 01, 04, 09, 16, 21, 24, 25, 29, 36, 41, 44, 49, 56, 61, 64, 69, 76, 81, 84, 89, 96. ಇವನ್ನು ಪಟ್ಟಿಯ ಎದುರು ಪುಟದಲ್ಲಿ ದೊಡ್ಡದಾಗಿ ಬರೆದೆ. ತಿರುವಿದ ಸಂಖ್ಯೆಯೂ ವರ್ಗ ಆಗಬೇಕಾದರೆ ಮೊದಲ ಎರಡು ಅಂಕಿ ಇವುಗಳ ತಿರುವು ಆಗಿರಬೇಕು. 10, 12, 14, 16, 18, 40, 42 ಹೀಗೆ. 11, 13, 20, 30ರಿಂದ ಶುರುವಾಗುವುದೆಲ್ಲ ಹೊರಗೆ. ಸೊನ್ನೆಗೆ ಮುಗಿಯುವುದೂ ಹೊರಗೆ, ತಿರುವಿದರೆ ಸೊನ್ನೆಯಿಂದ ಶುರುವಾಗುತ್ತದಲ್ಲ.

ಜರಡಿ ಚೆನ್ನಾಗಿ ಕೆಲಸ ಮಾಡಿತು. ನಡುವೆ 1 ಅಥವಾ 9 ಇರುವವು ಐದೇ ಉಳಿದವು. 12996 ತಿರುವಿದರೆ 69921, 14161 ತಿರುವಿದರೆ 16141, ಎರಡೂ ಪಟ್ಟಿಯಲ್ಲಿ ಇಲ್ಲ. 16129 ತಿರುವಿದರೆ 92161, ಅದೂ ಇಲ್ಲ, 303ರ ವರ್ಗ 91809, 304ರ ವರ್ಗ 92416. ನಮ್ಮ ಹಳೇ ಗೆಳೆಯ 69169 ತಿರುವಿದರೆ 96196, ಇಲ್ಲ. 44944 ವಿಕಟಕವಿ, ಅಡ್ಡ 1ರಲ್ಲಿ ಹಾಕಿದರೆ ಅಡ್ಡ 5ರಲ್ಲೂ ಅದೇ ಬರುತ್ತದೆ.

ಏನೂ ಉಳಿಯಲಿಲ್ಲ. ಮೂರು ರಾತ್ರಿ ಜರಡಿಯನ್ನೇ ತಿದ್ದಿದೆ, ಎಲ್ಲಾದರೂ ಜಾಸ್ತಿ ಸೋಸಿಬಿಟ್ಟೆನಾ ಅಂತ. ಇಲ್ಲ. ಬುಧವಾರ ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ 22 ಕೊನೆಗಳನ್ನು ಇನ್ನೊಂದು ಸಲ ಮೊದಲಿನಿಂದ ಮಾಡಿದೆ, ಅದೇ 22 ಬಂತು. ಗುರುವಾರ ರಾತ್ರಿ ಮಾವನಿಗೆ ಫೋನ್ ಮಾಡಿ, ಸುಳಿವಿನಲ್ಲೇ ಏನೋ ತಪ್ಪಿದೆ, ಇದಕ್ಕೆ ಉತ್ತರ ಇಲ್ಲ ಎಂದು ಹೇಳಿಬಿಟ್ಟೆ. ಈ ಮಾತಿನ ಬಗ್ಗೆ ನನಗೆ ಈಗಲೂ ಬೇಜಾರಿದೆ. ಅವರು ಸಿಟ್ಟಾಗಲಿಲ್ಲ. 'ನಿನ್ನ ವಿಚಾರ ಸರಿ ಐತಿ. ಪಟ್ಟಿ ನೋಡ್ಕೋ' ಎಂದಷ್ಟೇ ಹೇಳಿದರು.

ಜುಲೈ 18, ಶುಕ್ರವಾರ: 264

ಪಟ್ಟಿ ಪರೀಕ್ಷೆಗೆ ನಾನು ಹಿಡಿದ ದಾರಿ ಉದ್ದದ್ದು. ಒಂದರ ಪಕ್ಕ ಒಂದು ಬರುವ ವರ್ಗಗಳ ನಡುವಿನ ವ್ಯತ್ಯಾಸ ಬೆಸ ಸಂಖ್ಯೆಗಳಾಗಿ ಎರಡೆರಡೇ ಏರುತ್ತದೆ. 100ರಿಂದ 101ಕ್ಕೆ 201, ಆಮೇಲೆ 203, 205. ಹಾಗೆ ಕೂಡಿಸುತ್ತಾ 150ರ ತನಕ ಬಂದಿದ್ದೆ. ತಪ್ಪು ಸಿಕ್ಕಿರಲಿಲ್ಲ.

ಒಂಬತ್ತನೇ ಕ್ಲಾಸಿನ ಮಗಳು ಪಕ್ಕದಲ್ಲಿ ಕೂತು ಪಟ್ಟಿ ನೋಡುತ್ತಿದ್ದಳು. ಅವಳಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. 'ಅಪ್ಪಾ, 164ರದ್ದು ಕೊನೆಗೆ 96 ಅಂತ ಐತಿ. 264ರದ್ದು 86 ಹೆಂಗ?'

ನೂರು ಕೂಡಿಸಿದರೆ ವರ್ಗದ ಕೊನೆಯ ಎರಡು ಅಂಕಿ ಬದಲಾಗುವುದಿಲ್ಲ. 164ರ ವರ್ಗ 26896. 264ರ ವರ್ಗವೂ 96ಕ್ಕೇ ಮುಗಿಯಬೇಕು. ನಾನು ಬರೆದಿದ್ದು 69686. ಮತ್ತೆ ಮಾಡಿದೆ: 260ರ ವರ್ಗ 67600, 2×260×4 = 2080, 4ರ ವರ್ಗ 16. ಕೂಡಿಸಿದರೆ 69696. ಅವತ್ತು 2080ರ ಬದಲು 2070 ಅಂತ ಕೂಡಿಸಿದ್ದೆ. ಮಿರ್ಚಿ ತಿಂದು ಬಂದು ಕೂತಿದ್ದು ಇದೇ ಸಾಲಿನ ಆಸುಪಾಸು ಇರಬೇಕು, ಅಲ್ಲಿಂದ ಮುಂದೆ ಪೆನ್ಸಿಲ್ ಬೇರೆ.

69696. ಏಳನೆಯ ವಿಕಟಕವಿ.

ಎರಡು ದಿನ ನಾನು ಕಣ್ಣಿಟ್ಟು ನೋಡಿದ್ದ 69169 ಅದರ ನೇರ ಮೇಲಿನ ಸಾಲು. ಅಷ್ಟು ಹತ್ತಿರ ಇತ್ತು. 69169ಕ್ಕೆ 527 ಕೂಡಿಸಿದ್ದರೆ ಅಲ್ಲೇ 69696 ಬರುತ್ತಿತ್ತು. ಅದೂ ಬೇಡ, 86 ಅನ್ನುವ ಕೊನೆ ನಾನೇ ಎದುರು ಪುಟದಲ್ಲಿ ಬರೆದ 22ರಲ್ಲಿ ಇಲ್ಲವೇ ಇಲ್ಲ. ಆ 22ನ್ನು ಉತ್ತರ ಸೋಸಲು ಬಳಸಿದೆ, ಪಟ್ಟಿಯನ್ನು ಸೋಸಲು ಬಳಸಲಿಲ್ಲ. ಇಡೀ ಕೆಲಸದಲ್ಲಿ ನನ್ನ ದೊಡ್ಡ ತಪ್ಪು ಇದೇ.

ಆಮೇಲೆ ಇಬ್ಬರೂ ಸೇರಿ ಮಗಳ ವಿಧಾನದಲ್ಲೇ ಪೂರ್ತಿ ಪಟ್ಟಿ ನೋಡಿದೆವು, 40 ನಿಮಿಷ ಹಿಡಿಯಿತು. ಇನ್ನೊಂದು ತಪ್ಪು ಸಿಕ್ಕಿತು: 287ರ ವರ್ಗ 82369, ನಾನು 82396 ಬರೆದಿದ್ದೆ. ಇದು ಒಗಟಿಗೆ ಅಡ್ಡಿ ಮಾಡುತ್ತಿರಲಿಲ್ಲ, ಆದರೆ ಗಮನಿಸಿ: 96 ಅನ್ನುವುದು 22ರ ಪಟ್ಟಿಯಲ್ಲಿ ಇದೆ, ಅಂಕಿಗಳ ಮೊತ್ತವೂ ಬದಲಾಗಲ್ಲ. ಆ ಎರಡು ಪರೀಕ್ಷೆಯೂ ಇದನ್ನು ಹಿಡಿಯುತ್ತಿರಲಿಲ್ಲ. 187ರ ವರ್ಗ 34969ರ ಪಕ್ಕ ಇಟ್ಟು ನೋಡಿದ್ದಕ್ಕೇ ಸಿಕ್ಕಿದ್ದು. ಅಂಕಿ ಅದಲುಬದಲಾಗುವ ತಪ್ಪು ಮಿಲ್ಲಿನ ಲೆಕ್ಕದಲ್ಲೂ ನನಗೆ ಎಷ್ಟೋ ಸಲ ತೊಂದರೆ ಕೊಟ್ಟಿದೆ.

ಜುಲೈ 19, 20: ಬಿಚ್ಚಿಕೊಂಡಿತು

ಈಗ ಏಳು ಸಂಖ್ಯೆ, ನಡುವೆ 6 ಇರುವ ಹೊಸ ಜೋಡಿ: 14641 ಮತ್ತು 69696. ಅಡ್ಡ 1ರ ನಡುವೆ 1 ಅಥವಾ 6 ಇರಬೇಕು. ನಡುವೆ 1 ಇರುವುದನ್ನು ಆಗಲೇ ನೋಡಿ ಬಿಟ್ಟಾಗಿದೆ. 6 ಇರುವುದನ್ನು ಜರಡಿಗೆ ಹಾಕಿದೆ. ಆರು ಬಂದವು: 10609, 14641, 16641, 46656, 69696, 90601.

14641 ಮತ್ತು 69696 ವಿಕಟಕವಿ, ಅಡ್ಡ 5ರಲ್ಲಿ ಮತ್ತೆ ಬರುತ್ತವೆ, ಬೇಡ. 16641 ತಿರುವಿದರೆ 14661, ಇಲ್ಲ. 46656 ತಿರುವಿದರೆ 65664, ಇಲ್ಲ. 10609 ತಿರುವಿದರೆ 90601. ಮೊದಲನೆಯದು 103ರ ವರ್ಗ, ಎರಡನೆಯದು 301ರ ವರ್ಗ. ಅದನ್ನು ನೋಡಿದಾಗ ಮೈ ಜುಮ್ಮೆಂದಿತು. ಮಗಳನ್ನು ಕರೆದು ತೋರಿಸಿದೆ.

ನಡು ಅಂಕಿ 6 ಎಂದಾಯಿತು, ಆದ್ದರಿಂದ ಕೆಳಗೆ 2 ಅನ್ನುವುದು 69696, ಅಡ್ಡ 4 ಅನ್ನುವುದು 14641. ಶನಿವಾರ ರಾತ್ರಿ ಇಲ್ಲಿಗೆ ನಿಲ್ಲಿಸಿದೆ, ಬೆಳಿಗ್ಗೆ ಬೇಗ ಹೊರಡುವುದಿತ್ತು.

ಭಾನುವಾರ ರಾತ್ರಿ ಉಳಿದಿದ್ದು ಎರಡು ಪ್ರಶ್ನೆ. ಮೇಲೆ ಬರುವುದು 10609ಓ 90601ಓ? ಕೆಳಗೆ 1ರ ಎರಡನೇ ಮತ್ತು ನಾಲ್ಕನೇ ಅಂಕಿ ಏನು?

ಮೇಲೆ 90601 ಇದ್ದರೆ ಕೆಳಗೆ 1 ಅನ್ನುವುದು 9ರಿಂದ ಶುರುವಾಗಿ, ನಡುವೆ 1 ಇದ್ದು, 1ಕ್ಕೆ ಮುಗಿಯುವ ವರ್ಗ. 9ರಿಂದ ಶುರುವಾಗಿ 1ಕ್ಕೆ ಮುಗಿಯುವ ವರ್ಗಗಳು ಮೂರೇ: 90601, 95481, 96721. ನಡುವೆ 1 ಯಾವುದರಲ್ಲೂ ಇಲ್ಲ. ಹಾಗಾಗಿ ಮೇಲೆ 10609.

ಆಗ ಕೆಳಗೆ 1 ಅನ್ನುವುದು 1ರಿಂದ ಶುರುವಾಗಿ 9ಕ್ಕೆ ಮುಗಿಯಬೇಕು, ನಡುವೆ 1. ಅಂಥ ವರ್ಗಗಳ ಮೂಲ 3 ಅಥವಾ 7ಕ್ಕೆ ಮುಗಿಯುತ್ತದೆ: 103, 107, 113, 117, 123, 127, 133, 137. ನಡುವೆ 1 ಇರುವುದು ಎರಡರಲ್ಲಿ: 123ರ ವರ್ಗ 15129, 127ರ ವರ್ಗ 16129.

ಇಲ್ಲಿಗೆ ಬಂದು ಕೊನೆಯ ಸುಳಿವು ಕೈ ಹಿಡಿಯಿತು. 15129 ತಿರುವಿದರೆ 92151, ಮೊತ್ತ 18, 3ರಿಂದ ಭಾಗವಾಗುತ್ತದೆ. 16129 ತಿರುವಿದರೆ 92161, ಮೊತ್ತ 19, ಭಾಗವಾಗುವುದಿಲ್ಲ. ಮೊದಲ ದಿನ ಎಲ್ಲಕ್ಕಿಂತ ಸುಲಭದ ಸುಳಿವು ಎಂದು ನಾನು ಹಿಡಿಯಲು ಹೋಗಿದ್ದು ಇದನ್ನೇ. ಅಲ್ಲಿಂದ ಶುರು ಮಾಡಿದರೆ ಎಲ್ಲಿಗೂ ಹೋಗಲಾಗುತ್ತಿರಲಿಲ್ಲ, ಇದು ಕೊನೆಯಲ್ಲಿ ಎರಡರಲ್ಲಿ ಒಂದನ್ನು ಆರಿಸಲು ಇಟ್ಟಿದ್ದು.

1 0 6 0 9
5 ■ 9 ■ 2
1 4 6 4 1
2 ■ 9 ■ 5
9 0 6 0 1

ಈ ಸಲ ಫೋಟೋ ಕಳಿಸುವ ಮುಂಚೆ ಕಾಗದ ತಿರುಗಿಸಿ ಪ್ರತಿ ಮನೆಗೂ ಎದುರು ಮನೆ ನೋಡಿದೆ. ಮೂಲಗಳನ್ನು ಒಂದೊಂದಾಗಿ ಮತ್ತೆ ಗುಣಿಸಿದೆ: 103, 121, 301, 123, 264. ಆರು ಸಂಖ್ಯೆ ಬರೆದು ಒಂದು ಎರಡು ಸಲ ಬಂದಿದೆಯಾ ನೋಡಿದೆ. ಇಲ್ಲ. ಪೆನ್ನಿನಿಂದ ತಿದ್ದಿ ಬರೆದು ಕಳಿಸಿದೆ.

ಕೈಯಲ್ಲಿ ಗುಣಿಸುವಾಗ ಒಂದು ವಿಷಯ ಕಾಣಿಸಿತು. 103 ತಿರುವಿದರೆ 301, ವರ್ಗಗಳೂ ಒಂದರ ತಿರುವು ಇನ್ನೊಂದು. ಗುಣಿಸುವಾಗ ದಶಕ ಎಲ್ಲೂ ಮೇಲಕ್ಕೆ ಹೋಗುವುದಿಲ್ಲ, ಅದಕ್ಕೇ ಹಾಗೆ. 123ರಲ್ಲಿ ದಶಕ ಹೋಗುತ್ತದೆ, ಆದ್ದರಿಂದ 321ರ ವರ್ಗ 103041, ಆರಂಕಿ, ತಿರುವಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ 264ರಲ್ಲೂ ದಶಕ ಹೋಗುತ್ತದೆ. ಆದರೂ 69696 ಅಷ್ಟು ಸರಿಯಾಗಿ ಬಂದು ನಿಲ್ಲುತ್ತದೆ. ಏಳರಲ್ಲಿ ನನಗೆ ಇಷ್ಟವಾದದ್ದು ಅದೇ.

ಮಾವ ಹತ್ತು ನಿಮಿಷದಲ್ಲೇ ಫೋನ್ ಮಾಡಿದರು. ಶಭಾಷ್ ಅಂದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, 'ಪಟ್ಟಿನಾಗ ಯಾವುದು ಬಿಟ್ಟಿದ್ದಿ?' 264 ಎಂದೆ. ಹಿಡಿದಿದ್ದು ನಿಮ್ಮ ಮೊಮ್ಮಗಳು ಎಂದೂ ಹೇಳಿದೆ. ಫೋನ್ ಅವಳ ಕೈಗೆ ಹೋಯಿತು, ಅರ್ಧ ಗಂಟೆ ನನಗೆ ವಾಪಸ್ ಬರಲಿಲ್ಲ.

ಒಟ್ಟು ಸಮಯ 20 ಗಂಟೆ ಹತ್ತಿರ. ಆರು ಜೆರಾಕ್ಸ್‌ನಲ್ಲಿ ಒಂದು ಉಳಿದಿದೆ. ಈಗ ಮಾವ ಏಳು ಸಾಲು ಏಳು ಕಾಲಂನದ್ದು ಹಾಕುತ್ತಿದ್ದಾರಂತೆ. ಏಳಂಕಿಯ ವರ್ಗಗಳ ಮೂಲ 1000ದಿಂದ 3162ರ ತನಕ, 2163 ಸಾಲು. ಇವತ್ತು ಸಂಜೆ ಮಗಳೇ ಹೋಗಿ ಇನ್ನೊಂದು ಚೌಕಳಿ ನೋಟ್‌ಬುಕ್ ತಂದಿದ್ದಾಳೆ. ಸಾಲು ನಾನು ಬರೆಯುವುದು, ಪ್ರತಿ ನೂರು ಸಾಲಿಗೊಮ್ಮೆ ಕೊನೆಯ ಎರಡು ಅಂಕಿ ಅವಳು ನೋಡುವುದು ಎಂದು ಮಾತಾಗಿದೆ.